ಹಳೇ ಕಾರಿಗೆ ಅಂಟಿಸೋ ಕಾರ್ಪೆಟ್ ಬೇಡ

ಹಳೇ ಕಾರಿನ ಒಳಗಡೆ ಏನು ಹಾಸ್ಬೇಕು, ಬಾಗ್ಲಿಗೆ ಏನು ಹೊಡಿಸ್ಬೇಕು, ಮೇಲ್ಗಡೆಗೆ ಯಾವ ಬಟ್ಟೆ ಅನ್ನೋದೆಲ್ಲ ಗಂಡಸ್ರು ಜಗಲಿ ಮೇಲೆ ಕೂತು ತೀರ್ಮಾನ ಮಾಡೋ ವಿಷಯ ಅಂತ ನಮ್ ಕಡೆ ಒಂದು ರೂಢಿ. ಇಂಜಿನ್ ಮಾತಾದ್ರೆ ಸರಿ, ನಾನು ಬಾಯಿ ಹಾಕಲ್ಲ. ಆದ್ರೆ ಹಾಸೋದು ಹೊದಿಸೋದು ಅಂದ್ರೆ ಅದು ಒಣಗಿಸೋ ಲೆಕ್ಕ. ಸಕಲೇಶಪುರದ ಮಳೇಲಿ ಒಣಗಿಸೋ ಲೆಕ್ಕ ಹೆಂಗಸ್ರಿಗಿಂತ ಚೆನ್ನಾಗಿ ಯಾರಿಗೆ ಗೊತ್ತೈತೆ ಹೇಳಿ? ಆರಿದ್ರಾ ಮಳೆ ಹಿಡಿದ್ರೆ ಆಶ್ಲೇಷ ಮುಗಿಯೋವರೆಗೂ ಮಕ್ಕಳ ಯೂನಿಫಾರಂ, ಕಂಬಳಿ, ಕಾಲೊರೆಸೋ ಗೋಣಿ, ಎಲ್ಲಾನೂ ಬಚ್ಚಲ ಒಲೆ ಮೇಲೆ ತಂತಿ ಕಟ್ಟಿ ಒಣಗಿಸ್ಕೊಂಡು ಬಂದವ್ರು ನಾವು. ಹಂಗಾಗಿ ನನ್ನ ಅಭಿಪ್ರಾಯ ಮೊದ್ಲೇ ಹೇಳಿಬಿಡ್ತೀನಿ. ನಮ್ಮ ಮಲೆನಾಡಲ್ಲಿ ಓಡೋ ಹಳೇ ಗಾಡಿಗೆ, ಎತ್ತಿ ಹೊರಗೆ ತಂದು ಒಣಗಿಸೋಕೆ ಬರದೇ ಇರೋ ಯಾವ ವಸ್ತುನೂ ನೆಲಕ್ಕೆ ಹಾಕ್ಬಾರ್ದು. ಮೆತ್ತಗೈತಾ, ಸದ್ದು ತಡೀತದಾ, ನೋಡೋಕೆ ಚೆಂದ ಐತಾ ಅನ್ನೋದೆಲ್ಲ ಆಮೇಲಿನ ಮಾತು.

ಮಾತು ಹುಟ್ಟಿದ್ದು ನಮ್ಮ ಅಂಬಾಸಿಡರ್‌ನಿಂದ. 1978ರ ಮಾರ್ಕ್ 3, ಮಾವನವ್ರು ತಗೊಂಡಿದ್ದು. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಅನ್ನೋ ಕಾರನ್ನ ನೋಡ್ಕೊಂಡು ಕಲ್ಕತ್ತಾ ಹತ್ರದ ಉತ್ತರಪಾರಾದಲ್ಲಿ ಇದನ್ನ ಮಾಡ್ತಿದ್ರು, 2014ರಲ್ಲಿ ನಿಲ್ಸಿದ್ರು. ನಮ್ ಕಡೆ ತೋಟದ ಮನೆಗಳಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಐತೆ. ಕೆಲವ್ರ ಮನೇಲಿ ಜೀಪು, ಕೆಲವ್ರ ಮನೇಲಿ ಫಿಯಟ್ಟು. ಶೋಕಿಗೆ ಇಟ್ಕೊಂಡೋರೂ ಇದ್ದಾರೆ. ನಮ್ದು ಶೋಕಿಗಲ್ಲ. ಅತ್ತೆಗೆ ಎಂಬತ್ತು ದಾಟ್ತು, ಮಂಡಿ ನೋವು. ಮಗನ ಹೊಸ ಕಾರಿನ ತಗ್ಗಿನ ಸೀಟಿಗೆ ಇಳಿದು ಕೂರೋಕೆ ಅವ್ರ ಕೈಲಿ ಆಗಲ್ಲ. ಅಂಬಾಸಿಡರ್ ಸೀಟು ಮನೆ ಬೆಂಚಿನಷ್ಟು ಎತ್ತರ, ಬಾಗ್ಲೂ ಅಗಲ, ಹಂಗೇ ಕೂತ್ಕೊಂಡು ಕಾಲು ಒಳಗೆ ತಗೊಂಡ್ರೆ ಆಯ್ತು. ತಿಂಗಳಿಗೊಂದ್ಸಲ ಹಾಸನದ ಡಾಕ್ಟ್ರ ಹತ್ರ ಅವ್ರು ಹೋಗೋದು ಇದ್ರಲ್ಲೇ. ಜೊತೆಗೆ ಅವ್ರಿಗೆ ಉಬ್ಬಸ.

ಏಳು ವರ್ಷದ ಹಿಂದೆ ಒಂದು ಅಂಗಡೀಲಿ ಗಾಡಿ ಒಳಗಡೆ ಪೂರ್ತಿ ಹೊಸದು ಮಾಡಿಸಿದ್ವಿ. ತಗಡಿನ ಮೇಲೆ ದಪ್ಪನೆ ಫೆಲ್ಟು, ಅದ್ರ ಮೇಲೆ ಮೆರೂನ್ ಕಾರ್ಪೆಟ್ಟು, ಎರಡನ್ನೂ ಗೋಂದು ಬಳಿದು ಅಂಟಿಸಿ ಅಂಚಿಗೆ ಪಟ್ಟಿ ಹೊಡೆದು ಕೊಟ್ರು. ನೋಡೋಕೆ ಕಲ್ಯಾಣ ಮಂಟಪ ಇದ್ದಂಗಿತ್ತು. ಎರಡನೇ ಮಳೆಗಾಲಕ್ಕೇ ಮುಗ್ಗಲು ವಾಸನೆ ಶುರುವಾಯ್ತು. ಸೀಟಿನ ಕೆಳಗೆ ಬೂಷ್ಟು. ಬಾಗ್ಲು ಹಾಕಿದ್ರೆ ಸಾಕು, ಬಾಳ್ಳುಪೇಟೆ ದಾಟೋದ್ರೊಳಗೆ ಅತ್ತೆಗೆ ಎದೆ ಗೊರಗೊರ. ಡಾಕ್ಟ್ರ ಹತ್ರ ಕರ್ಕೊಂಡು ಹೋಗೋ ಗಾಡೀನೇ ಕಾಯಿಲೆ ತರೋದು ಅಂದ್ರೆ ಏನು ಹೇಳೋದು? ಹೋದ ಬೇಸಿಗೇಲಿ ಟಿಂಕರಿಂಗ್ ಮಾಡೋರ ಹತ್ರ ಬಿಟ್ವಿ. ಅವ್ರು ಕಾರ್ಪೆಟ್ ಕಿತ್ತು, ಸ್ಕ್ರೂ ಡ್ರೈವರ್ ತುದೀಲಿ ನೆಲ ಮುಟ್ಟಿದ್ರು ನೋಡಿ, ಹಪ್ಪಳ ಚುಚ್ಚಿದಂಗೆ ಆ ಕಡೆ ಬಂತು. ಡ್ರೈವರ್ ಕಾಲಿನ ಹತ್ರ ಒಂದು ಮೊರದಷ್ಟು ಅಗಲಕ್ಕೆ ತಗಡೇ ಇರ್ಲಿಲ್ಲ, ತುಕ್ಕಿಗೆ ಫೆಲ್ಟು ಹಿಡ್ಕೊಂಡಿತ್ತು ಅಷ್ಟೇಯ. ಕೆಳಗಿಂದ ನೋಡಿದ್ರೆ ಅಂಡರ್‌ಕೋಟ್ ಬಳಿದಿದ್ದು ನೆಟ್ಟಗೇ ಇತ್ತು. ತಿಂದಿದ್ದು ಮೇಲಿಂದ.

ನೀರು ಎಲ್ಲಿಂದ ಬರ್ತದೆ ಅಂತೀರಾ? ಮುಂದಿನ ಗಾಜಿನ ಸುತ್ತ ಇರೋ ರಬ್ಬರ್ ಬೀಡಿಂಗ್ ವಯಸ್ಸಾದಂಗೆ ಗಟ್ಟಿಯಾಗಿ ಬಿರುಕು ಬಿಡ್ತದೆ. ಅಲ್ಲಿಂದ ಹನಿ ಇಳಿದು ಡ್ಯಾಶ್‌ಬೋರ್ಡ್ ಹಿಂದ್ಗಡೆಯಿಂದ ಕಾಲ ಬುಡಕ್ಕೆ ಸೇರ್ತದೆ, ಕಣ್ಣಿಗೇ ಕಾಣಲ್ಲ. ಬಾಗ್ಲ ಸುತ್ತದ ರಬ್ಬರ್ ಚಪ್ಪಟೆ ಆಗಿರ್ತದೆ. ಇವನ್ನ ಮೊದ್ಲು ಬದಲಾಯಿಸ್ದೆ ಒಳಗಡೆ ಅಲಂಕಾರ ಮಾಡಿಸೋದು, ಸೋರೋ ಹೆಂಚಿನ ಕೆಳಗೆ ಹೊಸ ಹಾಸಿಗೆ ಹಾಸಿದಂಗೆ. ಅಷ್ಟೆಲ್ಲ ಸರಿ ಮಾಡಿಸಿದ್ರೂ ನೀರು ತರೋರು ನಾವೇ ಇದ್ದೀವಲ್ಲ. ಛತ್ರಿ, ಗಂಬೂಟು, ಸಂತೆ ಚೀಲ, ನೆನೆದ ಸೀರೆ ಅಂಚು. ಇನ್ನು ಕಿಟಕಿ ಏರಿಸ್ಕೊಂಡು ನಾಲ್ಕು ಜನ ಉಸಿರಾಡಿದ್ರೆ ಗಾಜೆಲ್ಲ ಮಬ್ಬಾಗ್ತದೆ, ಆ ಹಬೆ ಗಾಜಿಗೆ ಮಾತ್ರ ಅಲ್ಲ, ತಣ್ಣಗಿರೋ ತಗಡಿಗೂ ಕೂರ್ತದೆ.

ಊರಿಂದ ಊರಿಗೂ ಲೆಕ್ಕ ಬೇರೆ. ನನ್ನ ತವರು ಆಲೂರು ಕಡೆ. ಪಾಳ್ಯ, ಕೆಂಚಮ್ಮನ ಹೊಸಕೋಟೆ ಸುತ್ತ ಮಳೆ ಬಂದ್ರೂ ನಡುನಡುವೆ ಬಿಸ್ಲು ಮುಖ ತೋರಿಸ್ತದೆ, ಬಾಗ್ಲು ತೆಗೆದಿಟ್ರೆ ಗಾಡಿ ಒಂದು ದಿನಕ್ಕೆ ಒಣಗ್ತದೆ. ಹೆತ್ತೂರು, ಹಾನುಬಾಳು, ಮಾರನಹಳ್ಳಿ ಕಡೆ ಹಂಗಲ್ಲ. ಅಲ್ಲಿ ಜಡಿಮಳೆ ಹಿಡಿದ್ರೆ ವಾರಗಟ್ಟಲೆ ಬಿಸ್ಲೇ ಇಲ್ಲ, ಗಾಳೀಲೇ ನೀರು. ಬೆಂಗ್ಳೂರಲ್ಲೋ ಮೈಸೂರಲ್ಲೋ ಗಾಡಿ ಇಟ್ಕೊಂಡೋರು ಏನು ಹಾಕಿಸಿದ್ರು ಅಂತ ನೋಡಿ ನಾವೂ ಅದನ್ನೇ ಹಾಕಿಸೋದು ಸರಿಯಲ್ಲ ಅಂತ ನಾನು ಹೇಳೋದು ಇದಕ್ಕೇ. ಅವ್ರ ಫೆಲ್ಟು ಒದ್ದೆ ಆದ್ರೆ ಒಣಗ್ತದೆ. ನಮ್ದು ದೀಪಾವಳಿ ತನಕ ಒಣಗಲ್ಲ.

ಮಗನಿಗೆ ಇದು ಬಾಯಲ್ಲಿ ಹೇಳಿದ್ರೆ ಕೇಳ್ಲಿಲ್ಲ. ಅವ್ನು ಬೆಂಗ್ಳೂರಿಂದ ನಾಲ್ಕು ತರ ಸ್ಯಾಂಪಲ್ ತಂದಿದ್ದ. ಸೆಣಬಿನ ಫೆಲ್ಟು, ಬಟ್ಟೆ ಚಿಂದಿ ಅರೆದು ಒತ್ತಿ ಮಾಡಿದ ಬೂದು ಫೆಲ್ಟು, ಕುಶನ್ನಿಗೆ ಹಾಕೋ ಮಾಮೂಲಿ ಸ್ಪಂಜು, ಮತ್ತೆ ಎಸಿ ಪೈಪಿಗೆ ಸುತ್ತುತಾರಲ್ಲ ಆ ಕಪ್ಪು ರಬ್ಬರ್ ಫೋಮು. ನಾಲ್ಕನ್ನೂ ಅಂಗೈ ಅಗಲ ಕತ್ತರಿಸಿ, ಅಡಿಗೆಮನೆ ತಕ್ಕಡೀಲಿ ತೂಗಿ ಬರೆದಿಟ್ಟು, ಬಕೆಟ್ ನೀರಲ್ಲಿ ಮುಳುಗಿಸಿ ಮೇಲೆ ಗುಂಡುಕಲ್ಲು ಹೇರಿದೆ. ಬೆಳಿಗ್ಗೆ ತೆಗೆದು ನೀರು ಸೋರಿಸಿ ತೂಗಿದ್ರೆ ಎರಡು ಫೆಲ್ಟೂ ಮೂರು ಪಟ್ಟಿಗಿಂತ ಜಾಸ್ತಿ ತೂಗಿದ್ವು. ಸ್ಪಂಜಂತೂ ಕೇಳ್ಬೇಡಿ. ಕಪ್ಪು ಫೋಮನ್ನ ಬಟ್ಟೇಲಿ ಒರೆಸಿದ್ರೆ ಹೆಚ್ಚೂ ಕಮ್ಮಿ ಮೊದಲಿನ ತೂಕವೇ. ಎಲ್ಲಾನೂ ಕಾರ್ ಶೆಡ್ಡಲ್ಲೇ ದಾರಕ್ಕೆ ನೇತು ಹಾಕಿದೆ, ಒಲೆ ಹತ್ರ ಅಲ್ಲ, ಯಾಕಂದ್ರೆ ಗಾಡಿ ಒಲೆ ಹತ್ರ ಮಲಗಲ್ಲ. ಪುಷ್ಯ ಮಳೆ ಸುರೀತಿತ್ತು. ಎಂಟನೇ ದಿನಕ್ಕೂ ಫೆಲ್ಟು ಹಿಂಡಿದ್ರೆ ಕೈ ಒದ್ದೆ, ಮೂಗಿಗೆ ಹಿಡಿದ್ರೆ ನಾಯಿ ನೆನೆದ ವಾಸನೆ. ಮಗ ಮೂಸಿ ನೋಡಿ ಸುಮ್ನಾದ.

ಇದ್ರ ಗುಟ್ಟು ಇಷ್ಟೇಯ. ಸ್ಪಂಜಿನ ಗುಳ್ಳೆಗಳು ಒಂದರೊಳಗೊಂದು ಬಾಯಿ ಸೇರಿರ್ತವೆ, ನೀರು ಒಳಗೊಳಗೇ ಹರಿದಾಡ್ತದೆ. ಕಪ್ಪು ಫೋಮಿನ ಗುಳ್ಳೆ ಒಂದೊಂದೂ ಮುಚ್ಚಿದ ಡಬ್ಬಿ. ಅಂಗಡೀಲಿ ಹೆಸರು ಏನಾದ್ರೂ ಹೇಳ್ಲಿ, ಚೂರನ್ನ ತುಟಿಗೆ ಒತ್ತಿ ಊದಿ ನೋಡಿ. ಗಾಳಿ ಆ ಕಡೆ ಬಂದ್ರೆ ನೀರೂ ಹೋಗ್ತದೆ. ಮಕ್ಕಳು ಆಡೋಕೆ ಹಾಸೋ ಜೋಡಿಸೋ ಚಾಪೆ ಐತಲ್ಲ, ಅದೂ ಈ ಮುಚ್ಚಿದ ಗುಳ್ಳೆ ಜಾತೀದೇ.

ಹಂಗಂತ ಕಪ್ಪು ಫೋಮನ್ನ ನೆಲಕ್ಕೆಲ್ಲ ಅಂಟಿಸಿಬಿಡಿ ಅಂತ ಹೇಳ್ತಿಲ್ಲ. ಅದು ನೀರು ಕುಡಿಯಲ್ಲ ನಿಜ, ಆದ್ರೆ ಅಂಟು ಬಿಟ್ಟ ಜಾಗದಲ್ಲಿ ಅದ್ರ ಕೆಳಗೆ ನೀರು ಸೇರಿದ್ರೆ ಮೇಲೆ ಬರೋಕೂ ಬಿಡಲ್ಲ. ಕಾಫಿ ಮೂಟೆನ ನಾವು ಬರೀ ನೆಲದ ಮೇಲೆ ಇಡ್ತೀವಾ? ಅಡಿಗೆ ಹಲಗೆ ಹಾಕ್ತೀವಿ, ಗೋಡೆಗೂ ತಾಗಿಸಲ್ಲ, ಗಾಳಿ ಆಡ್ಲಿ ಅಂತ. ಅದೇ ಬುದ್ಧಿ ಗಾಡಿಗೂ ಬೇಕು. ಹೊಸ ತಗಡು ಬೆಸೆದ ಮೇಲೆ ಬರೀ ರೆಡ್ ಆಕ್ಸೈಡ್ ಬಳಿದು ಬಿಡ್ಬಾರ್ದು, ಅದು ತೇವ ಎಳೀತದೆ, ಮೇಲೆ ಗಟ್ಟಿ ಪೇಂಟ್ ಬೇಕೇ ಬೇಕು. ಆ ಪೇಂಟಿನ ಮೇಲೆ ಫೋಮನ್ನ ನಾಲ್ಕು ತುಂಡಾಗಿ, ಒಬ್ಬೊಬ್ಬರ ಕಾಲಿಗೆ ಒಂದೊಂದು, ಸುಮ್ನೆ ಹಾಸೋದು. ಅದ್ರ ಮೇಲೆ ಮೀಟರ್ ಲೆಕ್ಕದಲ್ಲಿ ಸಿಗೋ ಗೆರೆ ಗೆರೆ ರಬ್ಬರ್ ಮ್ಯಾಟು. ಅಂಚಿಗೆ ಗೋಂದು ಬೇಡ, ಟಿಚ್ ಬಟನ್ ಸಾಕು. ವಾರಕ್ಕೊಂದ್ಸಲ ಪಟಪಟ ಅಂತ ಬಿಚ್ಚಿ, ಮ್ಯಾಟಿಗೆ ನೀರು ಹೊಡೆದು, ಬಟ್ಟೇಲಿ ನೆಲ ಒರೆಸಿ ಬಾಗ್ಲು ತೆಗೆದಿಟ್ರೆ ಕೆಲಸ ಮುಗೀತು. ರೊಟ್ಟಿ ಹಂಚು ಕಾಯೋದ್ರೊಳಗೆ ಮುಗಿಯೋ ಕೆಲಸ.

ನಮ್ಮ ಹಿರಿಯರು ಜೀಪಿನ ನೆಲಕ್ಕೆ ಖಾಲಿ ಗೋಣಿ ಚೀಲ ಹಾಸ್ತಿದ್ರು. ಅದನ್ನ ನೋಡಿ ಈಗಿನ ಹುಡುಗ್ರು ನಗ್ತಾರೆ. ಗೋಣಿ ಅಂದ್ರೆ ಅದೇ ಸೆಣಬು, ನೀರು ಕುಡಿಯೋದ್ರಲ್ಲಿ ಫೆಲ್ಟಿಗಿಂತ ಕಮ್ಮಿ ಏನಲ್ಲ. ಆದ್ರೆ ಸಂಜೆ ಆದ್ರೆ ಎಳೆದು ತಂದು ಒದರಿ ಬಚ್ಚಲ ಒಲೆ ಮುಂದೆ ಹಾಕೋರು, ಬೆಳಿಗ್ಗೆ ಗರಿಗರಿ. ಈ ಮಳೆಗಾಲ ಪೂರ್ತಿ ನಾವೂ ಬರೀ ನೆಲಕ್ಕೆ ಗೋಣಿ ಹಾಸ್ಕೊಂಡೇ ಅಂಬಾಸಿಡರ್ ಓಡಿಸಿದ್ವಿ. ಸದ್ದು ಹೌದು, ಕಲ್ಲು ಸಿಡಿದ್ರೆ ತಗಡಿಗೆ ಟಣ್ ಅನ್ನೋದು. ಅತ್ತೆಗೆ ಒಂದು ದಿನಾನೂ ಗಾಡೀಲಿ ಎದೆ ಕಟ್ಟಲಿಲ್ಲ. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ನೂಡಲ್ಸ್ ತರ ಸುರುಳಿ ಸುರುಳಿ ಇರೋ ಪ್ಲಾಸ್ಟಿಕ್ ಮ್ಯಾಟು ಈಗ ಎಲ್ರ ಕಾರಲ್ಲೂ ಐತೆ. ಮೇಲೆ ಒಣಗಿದಂಗೆ ಕಾಣ್ತದೆ, ಕೆಸರು ನೀರೆಲ್ಲ ಕೆಳಗೆ ಇಳಿದು ಅಡಗಿ ಕೂತಿರ್ತದೆ. ಅಡಿಗೆ ತಟ್ಟೆ ತರದ್ದು ಇದ್ರೆ ಸರಿ, ಇಲ್ದಿದ್ರೆ ಬೇಡ. ನಾರಿನ ಚಾಪೆ ನಮ್ಮ ಜಿಲ್ಲೇದೇ, ಅರಸೀಕೆರೆ ಕಡೆ ತೆಂಗು ಇದ್ದ ಮೇಲೆ ನಾರಿಗೇನು ಕಮ್ಮಿ. ಸೆಣಬಿನಷ್ಟು ಬೇಗ ಕೊಳೆಯಲ್ಲ, ಕೆಸರು ಉದುರಿಸ್ತದೆ. ಮೇಲೆ ಹಾಸೋಕೆ ಒಳ್ಳೇದು. ನೇರ ಪೇಂಟಿನ ಮೇಲೆ ಹಾಸಿದ್ರೆ ಉಜ್ಜಿ ಉಜ್ಜಿ ಗೀರು ಬೀಳ್ತದೆ, ಅದನ್ನ ರಬ್ಬರ್ ಮೇಲೆ ಹಾಕಿ.

ಫೆಲ್ಟಿನ ಬಗ್ಗೆ ಇನ್ನೊಂದು ಮಾತು ಬಿಟ್ಟೆ, ಇಲಿ. ತೋಟದ ಮನೆ ಶೆಡ್ಡಲ್ಲಿ ನಿಲ್ಲೋ ಗಾಡಿಗೆ ಫೆಲ್ಟು, ಸ್ಪಂಜು ಹಾಕಿಸೋದು ಅಂದ್ರೆ ಇಲಿಗೆ ಬಾಣಂತಿ ಕೋಣೆ ಕಟ್ಟಿಸಿಕೊಟ್ಟಂಗೆ. ನಮ್ಮ ಹಿಂದಿನ ಸೀಟಿನ ಕೆಳಗೆ ಸಿಕ್ಕಿದ ಗೂಡಲ್ಲಿ ಕಾರ್ಪೆಟ್ ನೂಲು, ಫೆಲ್ಟು, ಅತ್ತೆ ಕಳ್ಕೊಂಡಿದ್ದ ಕರ್ಚೀಫು ಎಲ್ಲಾ ಇತ್ತು.

ಬಾಗ್ಲ ಒಳಗಡೆ ಪ್ಯಾಡು ಹಳೇ ಗಾಡೀಲಿ ಹಾರ್ಡ್‌ಬೋರ್ಡಿಗೆ ರೆಕ್ಸಿನ್ ಹೊಡೆದಿದ್ದು. ಕಿಟಕಿ ಗಾಜಿನ ಸಂದೀಲಿ ಮಳೆ ನೀರು ಬಾಗ್ಲೊಳಗೆ ಇಳಿಯೋದು ಸಹಜ, ಅದಕ್ಕೇ ಬಾಗ್ಲ ತಳದಲ್ಲಿ ತೂತು ಬಿಟ್ಟಿರ್ತಾರೆ. ಆ ತೂತು ಮಣ್ಣು ಕಟ್ಟಿಕೊಂಡಿದ್ರೆ ಮೊದ್ಲು ಕಡ್ಡಿ ಹಾಕಿ ಬಿಡಿಸ್ಬೇಕು. ಇಲ್ದಿದ್ರೆ ಬೋರ್ಡು ನೀರು ಕುಡಿದು ರಾಗಿ ಹಿಟ್ಟಿನ ಚೀಲದಂಗೆ ಉಬ್ಬಿ ಕ್ಲಿಪ್ಪೆಲ್ಲ ಕಿತ್ತು ಬರ್ತದೆ. ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಬೇಕು, ಅದ್ರ ಕೆಳಗಿನ ಅಂಚು ಬಾಗ್ಲೊಳಗಡೆಗೆ ಮಡಚಿರ್ಬೇಕು, ನೀರು ಹಾಳೆ ಮೇಲೆ ಇಳಿದು ಒಳಗೇ ಬಿದ್ದು ತೂತಿಂದ ಹೋಗ್ಲಿ ಅಂತ. ಗೊಬ್ಬರದ ಚೀಲದ ಒಳಗಿನ ದಪ್ಪ ಪ್ಲಾಸ್ಟಿಕ್ ತೊಳೆದು ಹಾಕಿದ್ರೂ ನಡೀತದೆ. ಕುಶನ್ ಅಂಗಡಿಯೋರು ಈ ಹಾಳೆ ಕಿತ್ತು ಬಿಸಾಕಿ ಹಂಗೇ ಪ್ಯಾಡು ಹೊಡೆದುಬಿಡ್ತಾರೆ, ಯಾಕಂದ್ರೆ ಅದು ಕಣ್ಣಿಗೆ ಕಾಣಲ್ಲ, ಯಾರೂ ಕೇಳಲ್ಲ. ನೀವು ಕೇಳಿ. ಹಾರ್ಡ್‌ಬೋರ್ಡ್ ಬದ್ಲು ಅಡಿಗೆಮನೆ ಕಪಾಟಿಗೆ ಹಾಕೋ ಪಿವಿಸಿ ಬೋರ್ಡಿನ ತೆಳು ಹಾಳೆ ಹಾಕಿಸ್ತಿದ್ದೀವಿ. ಸಿಂಕಿನ ಕೆಳಗೆ ಬಾಳೋ ವಸ್ತು ಬಾಗ್ಲಲ್ಲಿ ಬಾಳದೇ ಇರ್ತದಾ?

ಮೇಲ್ಗಡೆ ಬಟ್ಟೆ ವಿಷಯದಲ್ಲಿ ಮಾತ್ರ ನಾನು ಹಳೇದ್ರ ಕಡೆ. ಅಂಬಾಸಿಡರ್ ಚಾವಣಿಗೆ ಅಡ್ಡಡ್ಡ ಕಂಬಿ ಇರ್ತವೆ, ಬಟ್ಟೇಲಿ ಲಂಗದ ಲಾಡಿಗೆ ಹೊಲೀತೀವಲ್ಲ ಹಂಗೆ ಪಟ್ಟಿ ಹೊಲಿದು ಕಂಬಿ ತೂರಿಸಿ ಎಳೆದು ಕಟ್ತಾರೆ. ಬಟ್ಟೆ ಕಂಬಿ ಮೇಲೆ ನಿಲ್ತದೆ, ಗೋಂದು ಅಂಚಿಗೆ ಮಾತ್ರ. ಈಗ ಕೆಲವ್ರು ಸ್ಪಂಜು ಅಂಟಿದ ಬಟ್ಟೆ ತಂದು ಬೋರ್ಡಿಗೆ ಮೆತ್ತಿ ಏರಿಸ್ತಾರೆ. ನಾಲ್ಕೈದು ವರ್ಷಕ್ಕೆ ಸ್ಪಂಜು ಪುಡಿಯಾಗಿ ಬಟ್ಟೆ ಜೋಲು ಬಿದ್ದು ತಲೆಗೆ ತಾಗ್ತದೆ. ಹತ್ತಿ ಬಟ್ಟೆ ಬೇಡ, ಬೂಷ್ಟು ಬಂದ್ರೆ ಕಲೆ ಹೋಗಲ್ಲ. ತೆಳು ರೆಕ್ಸಿನ್ ಆದ್ರೆ ವಿನೆಗರ್ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿದ್ರೆ ಹೊಸದು. ಚಾವಣಿ ತಗಡಿಗೂ ಬಟ್ಟೆಗೂ ನಡುವೆ ಕಪ್ಪು ಫೋಮನ್ನ ಅಂಟಿಸೋಕೆ ನಾನು ಒಪ್ಪಿದ್ದೀನಿ. ಅಲ್ಲಿ ಕಾಲ ನೀರು ಸೇರಲ್ಲ, ಏಪ್ರಿಲ್ ಬಿಸ್ಲಲ್ಲಿ ಆಲೂರು ದಾಟಿ ಹಾಸನದ ಕಡೆ ಹೋಗೋವಾಗ ತಲೆ ಸುಡೋದು ಕಮ್ಮಿ ಆಗ್ತದೆ, ಮಳೆಗಾಲದಲ್ಲಿ ಹಬೆ ಹನಿಯಾಗೋದೂ ಕಮ್ಮಿ. ಬಿಸಿ ತಡೆಯೋ ಗೋಂದೇ ಬೇಕು, ಮಾಮೂಲಿ ರಬ್ಬರ್ ಸಲ್ಯೂಷನ್ ಬೇಸಿಗೇಲಿ ಬಿಟ್ಕೊಂಡು ಬರ್ತದೆ.

ಮಗ ಹಟ ಹಿಡಿದಿದ್ದು ಬೆಳ್ಳಿ ಹಾಳೆಗೆ. ಒಂದು ಕಡೆ ಜಿಗುಟು ಕಪ್ಪು, ಇನ್ನೊಂದು ಕಡೆ ಅಲ್ಯೂಮಿನಿಯಂ, ತಗಡಿಗೆ ಒತ್ತಿ ಹಚ್ಚಿದ್ರೆ ದಡದಡ ನಿಲ್ತದೆ. ನೆಲ, ಬಾಗ್ಲು, ಚಾವಣಿ ಪೂರ್ತಿ ಹಚ್ಚಿಸೋಕೆ ಅಂಗಡಿಯೋರು ಕೇಳಿದ ದುಡ್ಡು ಎರಡು ಚೀಲ ಕಾಳುಮೆಣಸಿನ ಬೆಲೆ. ಅದ್ರಲ್ಲಿ ತಪ್ಪಿಲ್ಲ, ಬ್ಯೂಟೈಲ್ ಅನ್ನೋ ಅಂಟು ನೀರು ಕುಡಿಯಲ್ಲ. ಆದ್ರೆ ತಗಡು ನಡುಗೋದು ನಡುಭಾಗದಲ್ಲಿ, ಅಲ್ಲಿ ಕಾಲು ಭಾಗಕ್ಕೆ ಹಚ್ಚಿದ್ರೂ ಡಬ್ಬಿ ಸದ್ದು ಹೋಗ್ತದೆ. ಬಾಗ್ಲಿಗೆ, ಚಾವಣಿಗೆ ತುಂಡು ತುಂಡು ಹಚ್ಚು, ನೆಲ ಮುಟ್ಟಬೇಡ ಅಂತ ಒಪ್ಪಂದ ಆಯ್ತು. ಅಗ್ಗಕ್ಕೆ ಸಿಗ್ತದೆ ಅಂತ ಮನೆ ತಾರಸಿಗೆ ಹಾಕೋ ಡಾಂಬರ್ ಹಾಳೆ ತಂದು ಹಚ್ಚೋರೂ ಇದ್ದಾರೆ, ಬಿಸ್ಲಿಗೆ ಜಾರ್ತದೆ, ವಾಸನೆ ಬೇರೆ. ಉಬ್ಬಸ ಇರೋರು ಕೂರೋ ಗಾಡಿಗೆ ಅದು ಸುತರಾಂ ಬೇಡ.

ಇಂಜಿನ್ ಪಕ್ಕದ ಗೋಡೆಗೆ ಮಾತ್ರ ಮಳೆ ಲೆಕ್ಕಕ್ಕಿಂತ ಬೆಂಕಿ ಲೆಕ್ಕ ಮುಖ್ಯ. ಯಾವ ವಸ್ತು ತಂದ್ರೂ ಚೂರನ್ನ ಇಕ್ಕಳದಲ್ಲಿ ಹಿಡ್ಕೊಂಡು ಅಂಗಳದಲ್ಲಿ ಕಡ್ಡಿ ಗೀರಿ ನೋಡಿ. ಕಡ್ಡಿ ತೆಗೆದ ಮೇಲೂ ಉರೀತಾ ಹನಿ ಹನಿಯಾಗಿ ಬಿದ್ರೆ ವಾಪಸ್ ಕೊಡಿ. ಸ್ಪಂಜು ಹಂಗೇ ಉರೀತದೆ. ಹೊದಿಸೋಕೆ ಮುಂಚೆ ಹಳೇ ವೈರೆಲ್ಲ ತೋರಿಸ್ಕೊಳ್ಳಿ, ಮುಚ್ಚಿದ ಮೇಲೆ ಯಾರೂ ನೋಡಲ್ಲ.

ಹಳೇದು ಹಳೇದ್ರಂಗೇ ಇರ್ಬೇಕು, ಫೋಮು ಪಿವಿಸಿ ಎಲ್ಲ ಹಾಕಿ ಕೆಡಿಸ್ಬಾರ್ದು ಅನ್ನೋರ ಮಾತು ನನಗೆ ಅರ್ಥ ಆಗ್ತದೆ. ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋದಾಗೆಲ್ಲ ಅಲ್ಲಿನ ಕಾರು ಮ್ಯೂಸಿಯಮ್ಮಿಗೆ ಹೋಗಿ ನಮ್ಮನೆಯವ್ರು ಗಂಟೆಗಟ್ಟಲೆ ನಿಲ್ತಾರೆ. ಅಲ್ಲಿ ಒಳಗೆ ನಿಲ್ಲೋ ಗಾಡಿಗಳಿಗೆ ಏನು ಇತ್ತೋ ಅದೇ ಇರ್ಲಿ, ಅವು ಮಳೇಲಿ ಓಡಲ್ಲ, ಅವಕ್ಕೆ ಸೂರು ಐತೆ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಕೊಡೋ ನಿಯಮ 2021ರಲ್ಲಿ ಬಂತು. ನಮ್ದಕ್ಕೂ 2028ಕ್ಕೆ 50 ತುಂಬ್ತದೆ, ಮಾಡಿಸೋಣ ಅಂತಾರೆ ಇವ್ರು. ಮಾಡಿಸಿದ್ರೆ ದಿನನಿತ್ಯ ಓಡಿಸೋ ಹಂಗಿಲ್ಲ, ಅತ್ತೆನ ಯಾವುದ್ರಲ್ಲಿ ಕರ್ಕೊಂಡು ಹೋಗ್ತೀರಿ ಅಂದೆ. ಅಲ್ಲಿಗೆ ಆ ಮಾತು ನಿಂತೈತೆ. ಇನ್ನು ಹಳೇದು ಅಂದ್ರೆ ಯಾವುದು ಹಳೇದು? ಗಾಡಿ ಬಂದಾಗ ನೆಲದಲ್ಲಿ ಇದ್ದಿದ್ದು ಬರೀ ಕಪ್ಪು ರಬ್ಬರ್ ಮ್ಯಾಟು, ಮೆರೂನ್ ಕಾರ್ಪೆಟ್ ಆಮೇಲಿನ ವೇಷ ಅಂತ ಅತ್ತೇನೇ ಹೇಳ್ತಾರೆ.

ಕೆಲಸ ದೀಪಾವಳಿ ಕಳೆದ ಮೇಲೆ, ಕಾಫಿ ಕೊಯ್ಲು ಶುರುವಾಗೋಕೆ ಮುಂಚೆ ಅಂತ ಗೊತ್ತು ಮಾಡಿದ್ದೀವಿ. ಒಣ ಹವೇಲಿ ಮುಚ್ಚಿದ್ರೆ ಒಳಗಡೆ ತೇವ ಉಳಿಯಲ್ಲ, ಮಳೆಗಾಲದಲ್ಲಿ ಹೊದಿಸಿದ್ರೆ ಮಳೇನೂ ಒಳಗಿಟ್ಟು ಹೊಲಿದಂಗೆ. ಕುಶನ್ ಅಂಗಡಿಯೋರಿಗೆ ಟಿಚ್ ಬಟನ್ ಮಾತು ಹೇಳಿದಾಗ, "ಅಮ್ಮಾ, ಇದು ರವಿಕೆ ಅಲ್ಲ, ಕಾರು" ಅಂದ್ರು. ಗೊತ್ತಪ್ಪಾ, ರವಿಕೇನ ನಾವು ದಿನಾ ಒಗೀತೀವಿ, ಅದಕ್ಕೇ ಬಟನ್ ಇಟ್ಟಿರೋದು ಅಂದೆ. ನಕ್ಕು ಬರ್ಕೊಂಡ್ರು. ಮೇಲ್ಗಡೆ ರೆಕ್ಸಿನ್ ಬಣ್ಣ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ. ಇವ್ರಿಗೆ ಕೆನೆ ಬಣ್ಣ, ಮಗನಿಗೆ ಕಪ್ಪು. ಅತ್ತೆ ಇಬ್ರನ್ನೂ ಬಿಟ್ಟು, ಮೊದ್ಲು ಇದ್ದಿದ್ದು ತಿಳಿ ಬೂದಿ ಬಣ್ಣ, ಅದೇ ಹಾಕ್ಸಿ ಅಂತ ಕೂತಿದ್ದಾರೆ.